ಖಾತೆಗೊಂದು ಟಿ.ಸಿ.

ಅಪ್ಪ ಮಂಡ್ಯ ಬಿಟ್ಟು ಮೈಸೂರಿಗೆ ಬರಲು ಒಪ್ಪಿದ್ದು 2022ರ ಬೇಸಿಗೆಯಲ್ಲಿ. ಅಮ್ಮನ ಮಂಡಿನೋವು ಒಂದು ನೆಪ. ವಿದ್ಯಾನಗರದ ಮನೆಯ ಸಾಮಾನೆಲ್ಲ ಒಂದು ಕ್ಯಾಂಟರಿನಲ್ಲಿ ಕುವೆಂಪುನಗರಕ್ಕೆ ಬಂತು. ಒರಳುಕಲ್ಲು ಬಂತು, ಬೇಡವೆಂದರೂ ಹಳೇ ಟ್ರಂಕು ಬಂತು, ಕರಿಬೇವಿನ ಗಿಡ ಕೂಡ ಡಬ್ಬದ ಸಮೇತ ಬಂತು. ಬಾರದೆ ಉಳಿದದ್ದು ಅಂಚೆ ಕಚೇರಿಯಲ್ಲಿದ್ದ ನನ್ನ ಪಿಪಿಎಫ್ ಖಾತೆ, ಅಂದರೆ ಹದಿನೈದು ವರ್ಷದ ಸರ್ಕಾರಿ ಉಳಿತಾಯದ ಖಾತೆ, ಒಂದೇ. ಅಷ್ಟು ವರ್ಷ ಅದಕ್ಕೆ ದುಡ್ಡು ಕಟ್ಟುತ್ತಿದ್ದದ್ದು ಅಪ್ಪನೇ. ನಾನು ಕಳಿಸುತ್ತಿದ್ದೆ, ಅವರು ಬ್ಯಾಂಕಿನಿಂದ ತೆಗೆದು ಚೀಟಿ ತುಂಬಿ ಕೌಂಟರಿನಲ್ಲಿ ಕಟ್ಟಿ ಪಾಸ್‌ಬುಕ್ಕಿಗೆ ಮೊಹರು ಹಾಕಿಸಿಕೊಂಡು ಬರುತ್ತಿದ್ದರು. ಅಂಚೆ ಕಚೇರಿಯಲ್ಲೂ ಆನ್‌ಲೈನ್ ಬಂದು ವರ್ಷಗಳಾಗಿದ್ದವು. ನಾನು ಮಾಡಿಸಿಕೊಂಡಿರಲಿಲ್ಲ, ಅಪ್ಪ ಇದ್ದರಲ್ಲ.

"ಒಂದಿನ ಹೋಗಿ ದುಡ್ಡು ತಗೊಂಡು ಬಂದು ಇಲ್ಲಿ ಬ್ಯಾಂಕಲ್ಲಿ ಹೊಸದಾಗಿ ಹಾಕ್ಬಿಡ್ತೀನಿ ಬಿಡಪ್ಪ" ಅಂದೆ.

ಅಪ್ಪ ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಭಿನ್ನರಾಶಿಯಲ್ಲಿ ಕೂಡುವ ಚಿಹ್ನೆ ಇದ್ದರೂ ಮೇಲಿನ ಎಕ್ಸು ಕೆಳಗಿನ ಎಕ್ಸು ಎರಡನ್ನೂ ಹೊಡೆದು ಹಾಕುವ ಹುಡುಗರನ್ನು ಹೇಗೆ ನೋಡುತ್ತಿದ್ದರೋ ಹಾಗೆ ನನ್ನನ್ನು ನೋಡಿದರು. "ಹದಿನೈದು ವರ್ಷ ತುಂಬೋಕೆ ಮುಂಚೆ ಸುಮ್‌ಸುಮ್ನೆ ಮುಚ್ಚಕ್ಕೆ ಬಿಡಲ್ಲ ಕಣವ್ವ. ಬಿಟ್ರೂ ಮುಚ್ಬಾರ್ದು. ಇದು ದುಡ್ಡು ತರೋ ಕೆಲಸ ಅಲ್ಲ, ಖಾತೆ ತರೋ ಕೆಲಸ."

ಆ ಮಾತಿನ ಅರ್ಥ ನನಗೆ ತಿಳಿಯಲು ಮೂರು ತಿಂಗಳು ಹಿಡಿಯಿತು.

ಖಾತೆ ಶುರುವಾದದ್ದು 2010ರ ಜನವರಿಯಲ್ಲಿ. ನನಗೆ ಕೆಲಸ ಸಿಕ್ಕಿ ಎರಡು ತಿಂಗಳು. ಮೊದಲ ಸಂಬಳದಲ್ಲಿ ಅಮ್ಮನಿಗೆ ಸೀರೆ ತೆಗೆದಿದ್ದೆ, ಎರಡನೆಯದಕ್ಕೆ ಅಪ್ಪ ಕಾದು ಕೂತಿದ್ದರು. ಜನವರಿ ಅಂದರೆ ಆಫೀಸುಗಳಲ್ಲಿ ಉಳಿತಾಯದ ಪುರಾವೆ ಕೇಳುವ ಕಾಲ. 80ಸಿ ಅಂತ ಒಂದಿದೆ, ತೆರಿಗೆ ಉಳಿಯುತ್ತೆ ಅಂತ ನನಗೆ ಯಾರೋ ಹೇಳಿದ್ದರು. ಅಪ್ಪನ ಲೆಕ್ಕ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಇತ್ತು. ಪಿಪಿಎಫ್‌ನ ಹದಿನೈದು ವರ್ಷ ಎಣಿಸುವುದು ಖಾತೆ ತೆರೆದ ದಿನದಿಂದಲ್ಲ, ಆ ಆರ್ಥಿಕ ವರ್ಷ ಮುಗಿದ ಮೇಲಿನಿಂದ. ಜನವರಿಯಲ್ಲಿ ತೆರೆದರೆ 2010ರ ಮಾರ್ಚ್ 31ಕ್ಕೇ ಎಣಿಕೆ ಶುರು, 2025ರ ಮಾರ್ಚ್‌ಗೆ ಮುಗಿತು. ಏಪ್ರಿಲ್ ಬರಲಿ ಅಂತ ಕಾದಿದ್ದರೆ ಮುಗಿಯುವುದು 2026. "ಎರಡು ತಿಂಗಳು ಸೋಮಾರಿತನ ಮಾಡಿದ್ರೆ ಒಂದು ವರ್ಷ ದಂಡ" ಅಂತ ಆವತ್ತೇ ಹೇಳಿದ್ದರು. ನಾನು ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತು ಮೊಬೈಲು ನೋಡುತ್ತಿದ್ದೆ.

ಅವರದೇ ಖಾತೆ 1988ರದು. ಆಗ ನೂರಕ್ಕೆ ಹನ್ನೆರಡು ಬಡ್ಡಿ. 1986ರಿಂದ 2000ದ ಜನವರಿವರೆಗೂ ಅದೇ ಹನ್ನೆರಡು ಇತ್ತು ಅನ್ನುವುದನ್ನು ಮನೆಗೆ ಬಂದ ಪ್ರತಿ ನೆಂಟರಿಗೂ ಹೇಳಿದ್ದಾರೆ. ಎಪ್ಪತ್ತೆರಡನ್ನು ಬಡ್ಡಿ ದರದಿಂದ ಭಾಗಿಸಿದರೆ ದುಡ್ಡು ಎಷ್ಟು ವರ್ಷಕ್ಕೆ ದುಪ್ಪಟ್ಟಾಗುತ್ತೆ ಅನ್ನುವುದು ಸುಮಾರಾಗಿ ಸಿಗುತ್ತದೆ. ಹನ್ನೆರಡಕ್ಕೆ ಆರೇ ವರ್ಷ. ನಾನು ಖಾತೆ ತೆರೆದಾಗ ದರ ಎಂಟಕ್ಕೆ ಇಳಿದಿತ್ತು, ಅಂದರೆ ಒಂಬತ್ತು ವರ್ಷ. ನಡುವೆ ಒಂದಷ್ಟು ಕಾಲ 8.8ಕ್ಕೆ ಏರಿ, ಮತ್ತೆ ಇಳಿದು, 2020ರ ಏಪ್ರಿಲ್‌ನಿಂದ 7.1ರಲ್ಲಿ ನಿಂತಿದೆ. "ಈಗಿನ ದುಡ್ಡಿಗೆ ಮೈಬಗ್ಗೋದಿಲ್ಲ" ಅನ್ನುತ್ತಾರೆ ಅಪ್ಪ. ಆದರೂ ಬಿಡುವುದಿಲ್ಲ. ಬಡ್ಡಿಗೆ ತೆರಿಗೆ ಇಲ್ಲ, ಕೊನೆಗೆ ಕೈಗೆ ಬರುವ ಮೊತ್ತಕ್ಕೂ ತೆರಿಗೆ ಇಲ್ಲ, ಸಾಲಗಾರರು ಕೋರ್ಟಿಗೆ ಹೋದರೂ ಈ ಖಾತೆಯನ್ನು ಜಪ್ತಿ ಮಾಡಿಸುವಂತಿಲ್ಲ. ಈ ಕೊನೆಯದು ಅಪ್ಪನಿಗೆ ಬಹಳ ಇಷ್ಟ. ಯಾರಿಂದಲೂ ಸಾಲ ತೆಗೆದವರಲ್ಲ, ಆದರೂ.

ಜೂನ್‌ನಲ್ಲಿ ಒಂದು ದಿನ ರಜೆ ಹಾಕಿ ಇಬ್ಬರೂ ಹೊರಟೆವು. ಹೆದ್ದಾರಿ ಅಗೆದು ಹಾಕಿದ್ದ ಕಾಲ, ಬಸ್ಸಿನಲ್ಲಿ ಹೋದರೆ ಧೂಳು ಕುಡಿಯಬೇಕು ಅಂತ ರೈಲಿಗೆ ಹೋದೆವು. ಶ್ರೀರಂಗಪಟ್ಟಣ, ಪಾಂಡವಪುರ, ಯಲಿಯೂರು. ನಲವತ್ತೈದು ಕಿಲೋಮೀಟರು. ಕೌಂಟರಿನಲ್ಲಿದ್ದವರು ಅಪ್ಪನ ಶಿಷ್ಯರೇ. ಮಂಡ್ಯದಲ್ಲಿ ಯಾವ ಕೌಂಟರಿಗೆ ಹೋದರೂ ಅದೇ ಕತೆ. ಎದ್ದು ನಿಂತು ಕುರ್ಚಿ ಕೊಟ್ಟರು.

ವರ್ಗಾವಣೆಯ ಅರ್ಜಿಗೆ ಅಂಚೆ ಕಚೇರಿಯಲ್ಲಿ ಎಸ್‌ಬಿ 10(ಬಿ) ಅನ್ನುತ್ತಾರೆ. ಒಂದೇ ಹಾಳೆ. ಖಾತೆ ನಂಬರು, ಹೆಸರು, ಯಾವ ಬ್ಯಾಂಕಿನ ಯಾವ ಶಾಖೆಗೆ ಹೋಗಬೇಕು ಅನ್ನುವ ಪೂರ್ತಿ ವಿಳಾಸ, ಸಹಿ. ನಾನು ಬ್ಯಾಂಕಿನ ಹೆಸರು, ಕುವೆಂಪುನಗರ, ಮೈಸೂರು ಅಂತ ಬರೆದಿದ್ದೆ. ಅವರು ಹಾಳೆಯನ್ನು ವಾಪಸ್ಸು ತಳ್ಳಿದರು.

"ಪಿನ್ ಕೋಡ್ ಬರೀರಿ ಅಕ್ಕ. ಶಾಖೆಯ ಕೋಡೂ ಬರೀರಿ. ನಾವು ಇಲ್ಲಿಂದ ಚೆಕ್ಕು ಬರೆದು ನಿಮ್ಮ ಕೈಗೆ ಕೊಡಲ್ಲ. ನೀವು ಖಾತೆ ತೆರೆದಾಗ ಕೊಟ್ಟ ಅರ್ಜಿ, ನಾಮಿನಿ ಫಾರಂ, ಮಾದರಿ ಸಹಿ, ಇಲ್ಲಿವರೆಗಿನ ಲೆಕ್ಕದ ದೃಢೀಕೃತ ಪ್ರತಿ, ಜೊತೆಗೆ ಚೆಕ್ಕು, ಎಲ್ಲಾ ಒಂದೇ ಕವರಲ್ಲಿ ಬ್ಯಾಂಕಿಗೇ ಹೋಗ್ತದೆ. ಒಂಥರಾ ಟಿ.ಸಿ. ಇದ್ದಂಗೆ. ಏಳನೇ ಕ್ಲಾಸಿನ ಹುಡುಗ ಇಲ್ಲಿ ಬಿಟ್ಟು ಮೈಸೂರಿಗೆ ಹೋದ್ರೆ ಅಲ್ಲಿ ಎಂಟನೇ ಕ್ಲಾಸಿಗೆ ಸೇರಿಸ್ಕೋಬೇಕಲ್ಲ? ಟಿ.ಸಿ. ಇಲ್ದಿದ್ರೆ ಒಂದನೇ ಕ್ಲಾಸಲ್ಲಿ ಕೂರಿಸ್ತಾರೆ."

ಅಪ್ಪನ ಮುಖದಲ್ಲಿ ಶಿಷ್ಯ ಸರಿಯುತ್ತರ ಕೊಟ್ಟ ಕಳೆ ಬಂತು.

ಎಡವಟ್ಟಾದದ್ದು ಸಹಿಯಲ್ಲಿ. 2010ರಲ್ಲಿ ನಾನು ಕನ್ನಡದಲ್ಲಿ ಸಹಿ ಹಾಕುತ್ತಿದ್ದೆ. ಪಿಯುಸಿಯಲ್ಲಿ ಬಂದ ಕನ್ನಡದ ಹುಮ್ಮಸ್ಸು ಒಂದಷ್ಟು ವರ್ಷ ಉಳಿದಿತ್ತು. ಆಮೇಲೆ ಆಫೀಸು, ಪಾಸ್‌ಪೋರ್ಟು, ಮನೆ ಸಾಲ ಅಂತ ಯಾವಾಗಲೋ ಸಹಿ ಇಂಗ್ಲಿಷಿಗೆ ತಿರುಗಿಕೊಂಡಿತ್ತು, ಯಾವಾಗ ಅಂತ ನನಗೇ ಗೊತ್ತಿಲ್ಲ. ಈಗ ಆ ಹಳೇ ಸಹಿ ಹಾಕಬೇಕು. ಮೊದಲು ಹಾಕಿದ್ದು ಹೊಂದಲಿಲ್ಲ, ಎರಡನೆಯದೂ ಹೊಂದಲಿಲ್ಲ. ಕೊನೆಗೆ ಅವರು ಹಳೇ ಅರ್ಜಿಯನ್ನು ಗಾಜಿನ ಆಚೆಯಿಂದ ತೋರಿಸಿದರು. ನೀಲಿ ಶಾಯಿಯಲ್ಲಿ, ಕೊನೆಯ ಅಕ್ಷರದ ಕೊಂಬನ್ನು ಸುತ್ತಿ ಕೆಳಗೆ ಒಂದು ಗೆರೆಯಾಗಿ ಎಳೆದಿದ್ದೆ. ಇಪ್ಪತ್ಮೂರರ ಹುಡುಗಿಯ ಠೇಂಕಾರ. ಗಾಜಿನ ಈಚೆ ಕೂತು ಅದನ್ನು ಚಿತ್ರ ಬಿಡಿಸುವ ಹಾಗೆ ನಕಲು ಮಾಡಿದೆ. ನನ್ನ ಸಹಿಯನ್ನು ನಾನೇ ಫೋರ್ಜರಿ ಮಾಡಿದ ಹಾಗೆ ಅನ್ನಿಸಿತು.

ಕೊನೆಗೆ ಪಾಸ್‌ಬುಕ್ ಕೇಳಿದರು. ಮೂಲ ಪಾಸ್‌ಬುಕ್ ಅಲ್ಲೇ ಒಪ್ಪಿಸಬೇಕು. "ಕೊಡೋಕೆ ಮುಂಚೆ ಮೊದಲ ಪುಟದಿಂದ ಹಿಡಿದು ಎಲ್ಲಾ ಜೆರಾಕ್ಸ್ ತೆಗೆಸ್ಕೊಂಡು ಬನ್ನಿ ಅಕ್ಕ, ಖಾಲಿ ಪುಟ ಬಿಟ್ಟು" ಅಂದರು. ಬೇಡ ಬಿಡಿ ಅನ್ನುವಷ್ಟರಲ್ಲಿ ಅಪ್ಪ ಎದ್ದಾಗಿತ್ತು. ಎದುರಿನ ಅಂಗಡಿಯಲ್ಲಿ ಮೂವತ್ತಾರು ರೂಪಾಯಿ ಆಯಿತು. ಆ ಮೂವತ್ತಾರು ರೂಪಾಯಿಯ ಕತೆ ಮುಂದೆ ಬರುತ್ತದೆ.

ಪಾಸ್‌ಬುಕ್ಕಿನ ಮೂಲೆಗಳು ಸುತ್ತಿಕೊಂಡಿದ್ದವು. ಮೊದಲ ಪುಟಗಳಲ್ಲೆಲ್ಲ ಕೈಬರಹ, ಪ್ರತಿ ಸಾಲಿನ ಪಕ್ಕ ಗುಂಡನೆಯ ತಾರೀಕಿನ ಮೊಹರು, ನಡುವೆ ಎಲ್ಲೋ ಕಂಪ್ಯೂಟರು ಬಂದು ಅಕ್ಷರ ಅಚ್ಚಾಗತೊಡಗಿವೆ. ಮೊಹರಿನ ತಾರೀಕು ನೋಡುತ್ತ ಹೋದೆ. ಏಪ್ರಿಲ್ 3, ಏಪ್ರಿಲ್ 2, ಏಪ್ರಿಲ್ 4. ಒಂದು ವರ್ಷ ಮಾತ್ರ ಏಪ್ರಿಲ್ 9. ಅದು ಅಜ್ಜಿ ತೀರಿಕೊಂಡ ವರ್ಷ.

ತಿಂಗಳ ಐದನೇ ತಾರೀಕು ಪಿಪಿಎಫ್‌ನವರ ಪಾಲಿಗೆ ಏಕಾದಶಿ ಇದ್ದ ಹಾಗೆ, ತಪ್ಪಿಸುವಂತಿಲ್ಲ. ಐದರಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿ ಅತಿ ಕಡಿಮೆ ಎಷ್ಟಿತ್ತೋ ಅದಕ್ಕೆ ಮಾತ್ರ ಆ ತಿಂಗಳ ಬಡ್ಡಿ. ಐದಕ್ಕೆ ಕಟ್ಟಿದರೆ ಉಂಟು, ಆರಕ್ಕೆ ಕಟ್ಟಿದರೆ ಇಲ್ಲ. ವರ್ಷಕ್ಕೆ ಕಟ್ಟಬಹುದಾದ ಗರಿಷ್ಠ ಒಂದೂವರೆ ಲಕ್ಷವನ್ನು ಏಪ್ರಿಲ್ ಐದರ ಬದಲು ಆರಕ್ಕೆ ಕಟ್ಟಿದರೆ 7.1ರ ದರದಲ್ಲಿ 887 ರೂಪಾಯಿ 50 ಪೈಸೆ ಹೋಯಿತು. ಅಜ್ಜಿಯ ವರ್ಷ ನಾನು ಕಳಿಸಿದ್ದು ಅಷ್ಟು ದೊಡ್ಡ ಮೊತ್ತವೇನಲ್ಲ, ಹೋದದ್ದು ಇನ್ನೂರರ ಆಸುಪಾಸು. ಆ ಮೊಹರಿನ ಪಕ್ಕ ಅಪ್ಪ ಪೆನ್ಸಿಲಿನಲ್ಲಿ ಒಂದು ಪುಟ್ಟ ಗುಣಾಕಾರ ಚಿಹ್ನೆ ಹಾಕಿಟ್ಟಿದ್ದರು.

ಪಾಸ್‌ಬುಕ್ಕಿನ ಮೇಲೆ ಅಡ್ಡಗೆರೆ ಎಳೆದು ಅವರು ತಮ್ಮ ಕಡೆ ಇಟ್ಟುಕೊಂಡರು. ಅಪ್ಪ ಒಂದು ಕ್ಷಣ ಕೈ ಮುಂದೆ ಚಾಚಿ, "ರಟ್ಟಾದ್ರೂ..." ಅಂದರು. "ಇಲ್ಲ ಸಾರ್, ಪೂರ್ತಿ ನಮಗೆ ಬೇಕು" ಅಂದರು ಶಿಷ್ಯರು. ಬರುವಾಗ ರೈಲಿನಲ್ಲಿ ಅಪ್ಪ ಬಹಳ ಮಾತಾಡಲಿಲ್ಲ.

ಇಲ್ಲೊಂದು ಅಡ್ಡಮಾತು. ಅಪ್ಪನಿಗೆ ಇದು ಮೊದಲ ಬೇರ್ಪಡೆಯಲ್ಲ. ಅವರ ಸಂಬಳ ಬರುತ್ತಿದ್ದದ್ದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿಗೆ, ನಮ್ಮ ಕಡೆ ಎಲ್ಲರ ಬಾಯಲ್ಲೂ ಬರೀ 'ಮೈಸೂರು ಬ್ಯಾಂಕು'. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಶುರುವಾದದ್ದು. 2017ರ ಏಪ್ರಿಲ್ 1ರಂದು ಅದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದೊಳಗೆ ಸೇರಿಹೋಯಿತು. ಎಸ್‌ಬಿಎಂವೈ ಅಂತ ಶುರುವಾಗುತ್ತಿದ್ದ ಐಎಫ್‌ಎಸ್‌ಸಿ ಕೋಡು ಎಸ್‌ಬಿಐಎನ್ ಆಯಿತು, ಬೋರ್ಡು ಬದಲಾಯಿತು. ಅದಕ್ಕೆ ಯಾರೂ ಅರ್ಜಿ ಹಾಕಿರಲಿಲ್ಲ, ಸಹಿ ಹೊಂದಿಸಿರಲಿಲ್ಲ. "ಆವಾಗ ನಾನು ಕೂತಲ್ಲೇ ಕೂತಿದ್ದೆ, ಬ್ಯಾಂಕೇ ಎದ್ದು ಹೋಯ್ತು. ಈಗ ಬ್ಯಾಂಕು ಕೂತದೆ, ನಾವು ಎದ್ದು ಬಂದ್ವಿ" ಅಂದರು ಒಮ್ಮೆ, ಕಾಫಿ ಲೋಟ ತಿರುಗಿಸುತ್ತ.

ಮೈಸೂರಿನ ಬ್ಯಾಂಕಿನ ಹೆಸರು ಬೇಡ. ಕೆಟ್ಟವರೇನಲ್ಲ. ಕವರು ತಲುಪಿ ಒಂಬತ್ತು ದಿನ ಅವರ ಟ್ರೇಯಲ್ಲಿ ಮಲಗಿತ್ತು, ಅಷ್ಟೆ. ಅಂಚೆಯ ರಸೀದಿ ನಂಬರು ಹಿಡಿದು ನಾನೇ ಹೋಗಿ ಕೇಳದಿದ್ದರೆ ದಸರಾವರೆಗೂ ಮಲಗಿರುತ್ತಿತ್ತೋ ಏನೋ. ಹೊಸ ಅರ್ಜಿ, ಫೋಟೋ, ಆಧಾರ್, ಪ್ಯಾನ್ ಕೊಟ್ಟೆ. ಕೌಂಟರಿನ ಹುಡುಗ ಬೇರೆ ರಾಜ್ಯದವನು, ಬಂದ ಆರು ತಿಂಗಳಲ್ಲೇ ಚೆನ್ನಾಗಿ ಕನ್ನಡ ಕಲಿತಿದ್ದ. ಕಾಗದ ನೋಡಿ ಕೇಳಿದ:

"ಮೇಡಂ, ಅಂಚೆ ಪೇಪರ್‌ನಲ್ಲಿ ಎಂ. ಎಸ್. ಇದೆ. ಪ್ಯಾನ್‌ನಲ್ಲಿ ಎಂ ಇಲ್ಲ. ಎಂ ಅಂದ್ರೆ ಯಾರು?"

"ಯಾರೂ ಅಲ್ಲ. ಎಂ ಅಂದ್ರೆ ಮಂಡ್ಯ."

"ನಿಮ್ಮ ಹೆಸರಲ್ಲಿ ಮಂಡ್ಯ ಇದೆಯಾ?"

ಹಳೇ ಮೈಸೂರಿನ ಕಡೆ ಹೆಸರಿನ ಹಿಂದೆ ಊರೂ ಬರುತ್ತೆ, ಅಪ್ಪನ ಹೆಸರೂ ಬರುತ್ತೆ ಅಂತ ವಿವರಿಸಿದೆ. ಮದುವೆಯಾಗಿ, ಆಧಾರ್ ಮಾಡಿಸಿ, ಪ್ಯಾನ್ ಮಾಡಿಸುವಷ್ಟರಲ್ಲಿ ಮಂಡ್ಯ ಎಲ್ಲೋ ಉದುರಿಹೋಗಿತ್ತು. ಎರಡೂ ಹೆಸರು ಒಬ್ಬಳದೇ ಅಂತ ಒಂದು ಅಫಿಡವಿಟ್ ಬರೆಸಿಕೊಟ್ಟೆ. ಜುಲೈ ಕೊನೆಗೆ ಹೊಸ ಪಾಸ್‌ಬುಕ್ ಬಂತು. ಏಳು ಲಕ್ಷದ ಚಿಲ್ಲರೆ ಪೂರ್ತಿ ಬಂದಿತ್ತು. ಮೊಬೈಲಿನಲ್ಲೂ ಕಾಣಿಸಿತು. ನನ್ನ ಪಾಲಿಗೆ ಕೆಲಸ ಮುಗಿದಿತ್ತು.

ಅಪ್ಪ ಭೂತಗನ್ನಡಿ ತಂದು ಪಾಸ್‌ಬುಕ್ಕಿನ ಮೊದಲ ಪುಟ ಓದಿದರು. ಮೊತ್ತ ನೋಡಲೇ ಇಲ್ಲ.

"ಒಂದನೇ ಕ್ಲಾಸಲ್ಲಿ ಕೂರಿಸವ್ರೆ" ಅಂದರು.

ಖಾತೆ ತೆರೆದ ದಿನಾಂಕ ಅನ್ನುವ ಕಡೆ 2022ರ ಜುಲೈ ಅಂತ ಅಚ್ಚಾಗಿತ್ತು. ಅವಧಿ ಮುಗಿಯುವುದು 2038ರ ಮಾರ್ಚ್ 31. ಹನ್ನೆರಡು ವರ್ಷ ತುಂಬಿದ ಖಾತೆ ಕಾವೇರಿ ಸೇತುವೆ ದಾಟುವಷ್ಟರಲ್ಲಿ ಹಸುಗೂಸಾಗಿತ್ತು. ದುಡ್ಡಿನಲ್ಲಿ ಒಂದು ಪೈಸೆ ವ್ಯತ್ಯಾಸವಿಲ್ಲ, ಅದಕ್ಕೇ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆದರೆ ಪಿಪಿಎಫ್‌ನಲ್ಲಿ ಎಲ್ಲವೂ ವಯಸ್ಸಿನ ಮೇಲೆ. ನಡುವೆ ಒಂದಷ್ಟು ತೆಗೆಯಬೇಕಾದರೂ ಏಳನೇ ವರ್ಷಕ್ಕೆ ಕಾಲಿಟ್ಟಿರಬೇಕು, ಪೂರ್ತಿ ಕೈಗೆ ಬರಬೇಕಾದರೆ ಹದಿನೈದು ತುಂಬಬೇಕು. ಖಾತೆ ತರೋ ಕೆಲಸ ಅಂತ ಅಪ್ಪ ಅಂದಿದ್ದು ಆಗ ತಲೆಗೆ ಹೋಯಿತು. ಚೆಕ್ಕು ಬಂದಿತ್ತು, ಹನ್ನೆರಡು ವರ್ಷ ಬಂದಿರಲಿಲ್ಲ.

ಮೂವತ್ತಾರು ರೂಪಾಯಿಯ ಜೆರಾಕ್ಸ್ ಹಿಡಿದು ಹೋದೆ. ಹುಡುಗ ಕಂಪ್ಯೂಟರಿನಲ್ಲಿ ಹುಡುಕಿ, "ಹೊಸ ಖಾತೆ ಅಂತ ಎಂಟ್ರಿ ಆಗಿದೆ ಮೇಡಂ, ವರ್ಗಾವಣೆ ಖಾತೆ ಅಂತ ಆಗಬೇಕಿತ್ತು" ಅಂದ. ಒಪ್ಪಿಕೊಂಡದ್ದಕ್ಕೆ ಅವನ ಮೇಲೆ ಗೌರವ ಬಂತು. ತಿದ್ದುವ ಅಧಿಕಾರ ಅವನ ಶಾಖೆಗೇ ಇರಲಿಲ್ಲ. ಒಂದು ಪತ್ರ, ಅಂಚೆ ಕಚೇರಿಯ ದೃಢೀಕೃತ ಲೆಕ್ಕದ ಪ್ರತಿ, ನನ್ನ ಜೆರಾಕ್ಸು ಮೇಲಿನ ಕಚೇರಿಗೆ ಹೋಗಿ, ಐದು ವಾರ ಆಗಿ, ನಾನು ನಾಲ್ಕು ಸಲ ಓಡಾಡಿ, ಸೆಪ್ಟೆಂಬರ್‌ನಲ್ಲಿ ತಾರೀಕು 2010ಕ್ಕೆ ವಾಪಸ್ಸು ಬಂತು. ಮುಂದಿನ ಮಾರ್ಚ್ 31ಕ್ಕೆ ಇಡೀ ವರ್ಷದ ಬಡ್ಡಿ ಒಟ್ಟಿಗೆ ಜಮೆಯಾಯಿತು. ನಡುವೆ ಕಚೇರಿ ಬದಲಾದರೂ ವರ್ಷದ ಬಡ್ಡಿ ವರ್ಷದ ಕೊನೆಗೆ ಬರಲೇಬೇಕು ಅನ್ನುವುದು ನಿಯಮ. ಅಪ್ಪ ಹಾಳೆಯ ಮೇಲೆ ಲೆಕ್ಕ ಹಾಕಿಯೇ ಇಟ್ಟಿದ್ದರು. ರೂಪಾಯಿಗೆ ರೂಪಾಯಿ ಸರಿಹೋಯಿತು. ಸರಿಹೋದದ್ದಕ್ಕೆ ಸ್ವಲ್ಪ ಬೇಸರವೂ ಆದಂತಿತ್ತು.

ಇದನ್ನೆಲ್ಲ ಇಂಗ್ಲೆಂಡಿನಲ್ಲಿರುವ ತಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವನು ನಕ್ಕ. ಅಲ್ಲೂ ಇಂಥದ್ದೇ ಒಂದಿದೆಯಂತೆ, ಐಎಸ್‌ಎ ಅಂತ, 'ಐಸಾ' ಅನ್ನುತ್ತಾರೆ. 1999ರಲ್ಲಿ ಶುರುವಾದದ್ದು. ವರ್ಷಕ್ಕೆ ಇಪ್ಪತ್ತು ಸಾವಿರ ಪೌಂಡಿನವರೆಗೆ ಹಾಕಬಹುದು, ಬಡ್ಡಿಗೆ ತೆರಿಗೆ ಇಲ್ಲ. ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಸಾಗಿಸುವಾಗ ಅಲ್ಲೂ ದುಡ್ಡನ್ನು ನಾವು ಮುಟ್ಟುವಂತಿಲ್ಲ. ತೆಗೆದು ನಮ್ಮ ಮಾಮೂಲಿ ಖಾತೆಗೆ ಹಾಕಿಕೊಂಡೆವೋ, ತೆರಿಗೆ ವಿನಾಯಿತಿಯ ಮಡಿ ಕೆಟ್ಟಿತು. ವ್ಯತ್ಯಾಸ ಏನೆಂದರೆ ಅಲ್ಲಿ ಅರ್ಜಿ ಕೊಡುವುದು ಹೊಸ ಬ್ಯಾಂಕಿಗೆ. ಹಳೆಯವರ ಹತ್ತಿರದಿಂದ ಎಳೆದು ತರುವುದು ಅವರ ತಲೆನೋವು. ನಗದು ಐಸಾ ಆದರೆ ಹದಿನೈದು ಕೆಲಸದ ದಿನಗಳೊಳಗೆ ಮುಗಿಸಬೇಕು. ನಮ್ಮಲ್ಲಿ ಬಿಟ್ಟುಬರುವ ಕಡೆಯೇ ಹೋಗಿ ಕೈಮುಗಿಯಬೇಕು. ಹೊಸ ಸೊಸೆಯನ್ನು ಕರೆದುಕೊಂಡು ಹೋಗಲು ಗಂಡಿನ ಕಡೆಯವರು ಬರುವುದಕ್ಕೂ, ಹೆಣ್ಣಿನ ಕಡೆಯವರೇ ಕೊಂಡುಹೋಗಿ ಬಿಡುವುದಕ್ಕೂ ಇರುವಷ್ಟೇ ವ್ಯತ್ಯಾಸ. ಅವರ ಪದ್ಧತಿಯೇ ಮೇಲು ಅನ್ನಿಸಿತು ನನಗೆ. ಗಿರಾಕಿ ಬೇಕಾಗಿರುವವರೇ ಓಡಾಡಲಿ.

ಅವರ ತೆರಿಗೆ ವರ್ಷ ಮುಗಿಯುವುದು ಏಪ್ರಿಲ್ 5ಕ್ಕೆ. ಇದನ್ನು ಕೇಳಿ ಅಪ್ಪನಿಗೆ ಎಲ್ಲಿಲ್ಲದ ಖುಷಿ. "ನೋಡ್ದಾ, ಅಲ್ಲೂ ಐದೇ!" ಎರಡಕ್ಕೂ ಸಂಬಂಧವೇ ಇಲ್ಲ ಅಂತ ತಮ್ಮ ಹೇಳಿದ್ದು ಅವರ ಕಿವಿಗೆ ಹೋಗಲಿಲ್ಲ. ತಮ್ಮನ ಹೆಸರಲ್ಲೂ ಮಂಡ್ಯದಲ್ಲಿ ಪಿಪಿಎಫ್ ಇದೆ, ಇಲ್ಲಿದ್ದಾಗ ತೆರೆದದ್ದು. ಹೊರದೇಶದಲ್ಲಿ ನೆಲೆಸಿದವರು ಅವಧಿ ಮುಗಿಯುವವರೆಗೆ ನಡೆಸಬಹುದು, ಆಮೇಲೆ ಮುಂದುವರಿಸುವಂತಿಲ್ಲ. ಅದರ ಮಾತು ಬಂದಾಗ ಅಪ್ಪ ಟಿವಿಯ ಸದ್ದು ಜಾಸ್ತಿ ಮಾಡುತ್ತಾರೆ.

ನನ್ನದು 2025ರ ಮಾರ್ಚ್ 31ಕ್ಕೆ ಹದಿನೈದು ತುಂಬಿತು. ಪೂರ್ತಿ ತೆಗೆಯಬಹುದಿತ್ತು. ಹೊಸ ತೆರಿಗೆ ಪದ್ಧತಿಗೆ ಹೋದಮೇಲೆ ನನಗೆ 80ಸಿಯ ವಿನಾಯಿತಿಯೂ ಇಲ್ಲ, ಬಡ್ಡಿಗೆ ತೆರಿಗೆ ಇಲ್ಲ ಅನ್ನುವುದೊಂದು ಉಳಿದಿದೆ. ಗಂಡ ಮ್ಯೂಚುಯಲ್ ಫಂಡಿನ ಮಾತಾಡಿದ, ಅವನ ಲೆಕ್ಕವೂ ತಪ್ಪಲ್ಲ. ನಾನು ಐದು ವರ್ಷಕ್ಕೆ ಮುಂದುವರಿಸಿದೆ. ಅದಕ್ಕೆ ಫಾರಂ 4 ಕೊಡಬೇಕು, ಅವಧಿ ಮುಗಿದ ಒಂದು ವರ್ಷದೊಳಗೆ. ಫಾರಂ ಕೊಡದೆ ಸುಮ್ಮನೆ ದುಡ್ಡು ಹಾಕುತ್ತ ಹೋದರೆ ಆ ದುಡ್ಡಿಗೆ ಬಡ್ಡಿ ಇಲ್ಲ. ಹೀಗೆ ಕಳೆದುಕೊಂಡವರು ನಮ್ಮ ಬೀದಿಯಲ್ಲೇ ಒಬ್ಬರಿದ್ದಾರೆ.

ಏಪ್ರಿಲ್ 2ರಂದು ಫಾರಂ ಕೊಟ್ಟು, 4ನೇ ತಾರೀಕು ಬೆಳಿಗ್ಗೆ ಮೊಬೈಲಿನಲ್ಲಿ ದುಡ್ಡು ಹಾಕಿದೆ. ಹತ್ತು ಸೆಕೆಂಡಿನ ಕೆಲಸ. ಅಪ್ಪ ಪೇಪರು ಮಡಚಿ ಕೇಳಿದರು:

"ಹಾಕ್ದಾ?"

"ಹಾಕ್ದೆ. ನೋಡು." ಮೊಬೈಲು ತೋರಿಸಿದೆ.

"ಅದ್ರಲ್ಲಿ ಕಾಣಲ್ಲ ನಂಗೆ."

ಅಕ್ಷರ ದೊಡ್ಡದು ಮಾಡಿ ತೋರಿಸಿದೆ. ನೋಡಿದರು. ತಲೆಯಾಡಿಸಿದರು. ಐದು ನಿಮಿಷ ಬಿಟ್ಟು ಷರಟು ಹಾಕಿಕೊಂಡು ಪಾಸ್‌ಬುಕ್ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಸ್ಕೂಟರಿನಲ್ಲಿ ಬ್ಯಾಂಕಿನವರೆಗೆ ಹೋದೆವು. ಎಟಿಎಂ ಪಕ್ಕ ಪಾಸ್‌ಬುಕ್ ಅಚ್ಚು ಹಾಕುವ ಯಂತ್ರವಿದೆ. ಅಪ್ಪ ಪುಟ ಬಿಡಿಸಿ ಬಾಯೊಳಗೆ ಇಟ್ಟರು, ಅದು ವಾಪಸ್ಸು ಉಗುಳಿತು. ತಿರುಗಿಸಿ ಇಟ್ಟರು. ಒಳಗೆ ಎಳೆದುಕೊಂಡು ಕಿರ್ರ್ ಅಂತ ಸದ್ದು ಮಾಡಿ ಒಂದು ಸಾಲು ಅಚ್ಚು ಹಾಕಿ ಕೊಟ್ಟಿತು. ಸಾಲು ಸೊಟ್ಟಗಿತ್ತು, ಕೊನೆಯ ಎರಡು ಅಂಕೆ ಮಡಿಕೆಯೊಳಗೆ ಇಳಿದಿದ್ದವು. ಅಪ್ಪ ತಾರೀಕಿನ ಮೇಲೆ ಬೆರಳಿಟ್ಟು, ಶಾಯಿ ಒಣಗಿದೆಯೋ ಇಲ್ಲವೋ ಅಂತ ಒಮ್ಮೆ ಉಜ್ಜಿ ನೋಡಿದರು. ಹಿಂದೆ ನಿಂತಿದ್ದವರು "ಆಯ್ತಾ ಯಜಮಾನ್ರೇ?" ಅಂದರು.